ನಾಲ್ಕು ಎಣಿಸಿ ಇಳಿಸುವ ಮೇಷ್ಟ್ರು

ಜಿಮ್ಮಿನ ಕಬ್ಬಿಣದ ರಾಡು ಎದೆಯ ಮೇಲೆ ಬಂದು ಕೂತಾಗ ಲ್ಯಾಬಿನ ಸೂಜಿಗೆ ಮೊದಲು ನೆನಪಾದದ್ದು ದೇವರೂ ಅಲ್ಲ, ಹೆಂಡತಿಯೂ ಅಲ್ಲ; ಎಡಗೋಡೆಯ ಆಳೆತ್ತರದ ಕನ್ನಡಿ. ಹನ್ನೊಂದು ಜನ ತಮ್ಮ ತಮ್ಮ ಭಾರಗಳನ್ನು ಕೆಳಗಿಟ್ಟು ತನ್ನನ್ನೇ ನೋಡುತ್ತಿರುವುದು ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು.

"ಮೂರೂ..." ಎಂದು ತಲೆಯ ಹಿಂದೆ ನಿಂತವರು ಎಣಿಕೆ ನಿಲ್ಲಿಸಲಿಲ್ಲ. "ನಾಲ್ಕೂ..."

"ಭಾವ, ಎತ್ತಿ! ಉಸಿರು ಕಟ್ತಿದೆ!"

"ಮಾತಾಡೋಕೆ ಉಸಿರಿದೆಯಲ್ಲ. ನೀವೇ ಎತ್ತಿ."

ಎತ್ತುವುದು ಆಗದ ಮಾತು. ಸೂಜಿ ಬುದ್ಧಿ ಓಡಿಸಿ ರಾಡನ್ನು ಎಡಕ್ಕೆ ವಾಲಿಸಿದ. ಎಡಗಡೆಯ ಪ್ಲೇಟುಗಳು ಜಾರಿ ಧಡಧಡನೆ ನೆಲಕ್ಕೆ ಬಿದ್ದವು. ಅಲ್ಲಿಯವರೆಗೆ ಸಮತೂಕ ಅಂತ ಒಂದಿತ್ತು, ಅದು ಹೋಯಿತು. ಬಲಗಡೆ ಭಾರ ಕೆಳಕ್ಕೆಳೆಯಿತು, ಖಾಲಿಯಾದ ಎಡತುದಿ ಚಂಗನೆ ಮೇಲೆದ್ದು ಕನ್ನಡಿಗೆ ಬಡಿಯಿತು. ಬಿರುಕು ಬಿಟ್ಟ ಕನ್ನಡಿಯಲ್ಲಿ ಹನ್ನೊಂದು ಜನ ಇಪ್ಪತ್ತೆರಡಾಗಿ ನಕ್ಕರು. ಸೂಜಿ ನೆಲದ ಮೇಲೆ ಅಂಗಾತ ಬಿದ್ದಿದ್ದ. ಪ್ಯಾಂಟಿನ ಹೊಲಿಗೆ ಎಲ್ಲಿಂದ ಎಲ್ಲಿಯವರೆಗೆ ಬಿಟ್ಟಿದೆಯೆಂದು ನೋಡಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ.

ಎಣಿಸುತ್ತಿದ್ದವರು ಬಗ್ಗಿ ನೋಡಿದರು. "ಕನ್ನಡಿಗೆ ಏಟಾಯ್ತು," ಎಂದರು. "ನಿಮಗೇನೂ ಆಗ್ಲಿಲ್ಲ." ಎರಡನೆಯ ಮಾತಿನಲ್ಲೇ ಬೇಸರ ಹೆಚ್ಚಿತ್ತು.

ಸೂಜಿ ಎನ್ನುವುದು ಅವನ ಹೆಸರಲ್ಲ. ಎರಡು ಬೀದಿಯಾಚೆಯ ಲ್ಯಾಬಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಬಂದವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತ ತೆಗೆಯುತ್ತಿದ್ದವನಿಗೆ ಬಡಾವಣೆ ಕೊಟ್ಟ ಬಿರುದು. ನಲವತ್ತೊಂಬತ್ತರ ವಯಸ್ಸು, ಬೆಲ್ಟಿನ ಮೇಲೆ ಕೂತು ಜಗತ್ತನ್ನು ನೋಡುವ ಹೊಟ್ಟೆ. ಒಂದು ದಿನ ಕೈ ಸುಮ್ಮನಿರದೆ ತನ್ನ ರಕ್ತವನ್ನೇ ಪರೀಕ್ಷೆಗೆ ಹಾಕಿದ್ದ. ಸಕ್ಕರೆ ಏರಿತ್ತು. ಲ್ಯಾಬಿನ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, "ಮಾತ್ರೆ ಆಮೇಲೆ. ಮೊದಲು ಭಾರ ಎತ್ತಿ" ಎಂದಿದ್ದರು. ನಡೆದು ಹೋಗುವಷ್ಟು ದೂರದಲ್ಲಿದ್ದದ್ದು ಒಂದೇ ಜಿಮ್, ಟೈರ್ ಅಂಗಡಿಯ ಮಹಡಿಯಲ್ಲಿ. ಅಲ್ಲಿ ಕಲಿಸುತ್ತಿದ್ದವರೂ ಒಬ್ಬರೇ, ಹೆಂಡತಿಯ ಒಡಹುಟ್ಟಿದ ಅಣ್ಣ. ಹಣೆಬರಹ ಕೆಟ್ಟಾಗ ಇಡೀ ಬಡಾವಣೆ ಅದಕ್ಕೆ ಸಹಕರಿಸುತ್ತದೆ.

ಅವರನ್ನು ಎಲ್ಲರೂ ಎಣಿಕೆ ಮೇಷ್ಟ್ರು ಎನ್ನುತ್ತಿದ್ದರು. ಅರವತ್ತೊಂದು ದಾಟಿದ್ದ ಕುಳ್ಳ ಮನುಷ್ಯ. ಕುತ್ತಿಗೆ ಸಣ್ಣ, ಮುಂಗೈ ಮಾತ್ರ ಬೇರೆ ಯಾರದ್ದೋ ತಂದು ಜೋಡಿಸಿದಷ್ಟು ದಪ್ಪ. ಜಿಮ್ಮಿನಲ್ಲೂ ಪೂರ್ತಿ ಗುಂಡಿ ಹಾಕಿದ ಅಂಗಿ. ಎರಕದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕ್ರೇನ್ ನಡೆಸಿದವರು ಅವರು. ಕಾದ ಲೋಹದ ಬಾನಿಯನ್ನು, ಟನ್ನುಗಟ್ಟಲೆ ಅಚ್ಚುಗಳನ್ನು ಮೇಲಿನಿಂದ ತಂದು ಕೆಳಗೆ ಕೂರಿಸುವುದೇ ಕೆಲಸ. "ಎತ್ತೋಕೆ ಮೋಟಾರ್ ಸಾಕು, ಇಳಿಸೋಕೆ ಮನುಷ್ಯ ಬೇಕು" ಎನ್ನುವುದು ಆ ಕಾಲದ ಅವರ ಮಾತು. ಕೆಳಗೆ ನಿಂತವರ ಕಾಲ್ಬೆರಳು ಒಂದಕ್ಕೂ ಅವರಿಂದ ಪೆಟ್ಟಾಗಿರಲಿಲ್ಲವಂತೆ. ಕಾರ್ಖಾನೆ ಮುಚ್ಚಿದ ಮೇಲೆ ಅದೇ ವಿದ್ಯೆಯನ್ನು ಜಿಮ್ಮಿಗೆ ತಂದರು. ಯಾವ ಭಾರವೇ ಇರಲಿ, ನಾಲ್ಕು ಎಣಿಸುತ್ತ ಇಳಿಸಬೇಕು, ಒಂದು ಎಣಿಸುವಷ್ಟು ನಿಲ್ಲಬೇಕು, ಎರಡು ಎಣಿಸುತ್ತ ಎತ್ತಬೇಕು. ನಡುವೆ ಯಾರಾದರೂ ಅವಸರ ಮಾಡಿದರೋ, ಎಣಿಕೆ ಮತ್ತೆ ಮೊದಲಿನಿಂದ. ಗಡಿಯಾರ ನೋಡುತ್ತಿರಲಿಲ್ಲ, ಗಡಿಯಾರದ ಮೇಲೆ ಅವರಿಗೆ ಅಷ್ಟು ನಂಬಿಕೆಯೂ ಇರಲಿಲ್ಲ.

ಮನೆಯಲ್ಲೂ ಅದೇ ಕಥೆ. ಲೋಟ ಕೆಳಗಿಟ್ಟರೆ ಸದ್ದಾಗಬಾರದು. ಕುರ್ಚಿಯಲ್ಲಿ ಕೂರುವುದೂ ನಾಲ್ಕರ ಲೆಕ್ಕದಲ್ಲಿ. ನೆಂಟರು "ಕೂತ್ಕೊಳ್ಳಿ" ಎಂದು ಹೇಳಿ ಮಾತು ಶುರುಮಾಡಿ ಅರ್ಧ ಮುಗಿಸಿದ ಮೇಲೆ ಮೇಷ್ಟ್ರು ಕುರ್ಚಿ ತಲುಪುತ್ತಿದ್ದರು.

ಸೂಜಿಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮದುವೆಯಾದ ಹೊಸತರಲ್ಲಿ ಮನೆ ಬದಲಾಯಿಸುವಾಗ ಇಬ್ಬರೂ ಸೇರಿ ಕಬ್ಬಿಣದ ಬೀರುವನ್ನು ಮೂರು ಮಹಡಿ ಇಳಿಸಿದ್ದರು. ಕೊನೆಯ ಮೆಟ್ಟಿಲಲ್ಲಿ ಸೂಜಿ "ಬಂತಲ್ಲ" ಎಂದು ಕೈಬಿಟ್ಟ. ಬೀರುವಿನ ಕಾಲು ಸೊಟ್ಟಗಾಯಿತು, ಅಂದಿನಿಂದ ಮೇಷ್ಟ್ರ ಮುಖವೂ. "ಎತ್ತಿದ್ದನ್ನ ಇಳಿಸೋಕೆ ಬರದವ್ರಿಗೆ ತಂಗೀನ ಕೊಟ್ವಿ" ಎಂದು ಅವರು ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದಿದ್ದರು, ಒಂದು ಸಲವೂ ದನಿ ಏರಿಸದೆ. ಸೂಜಿ ಅವರನ್ನು ಭಾವ ಎನ್ನುತ್ತಿದ್ದ, ಅವರು ಇವನನ್ನು ಸೂಜಿಯವರೇ ಎನ್ನುತ್ತಿದ್ದರು. ದ್ವೇಷಕ್ಕೆ ಇಷ್ಟು ಮರ್ಯಾದೆ ಕೊಟ್ಟ ಕುಟುಂಬಗಳು ಕಡಿಮೆ.

ಕನ್ನಡಿಯ ಸುದ್ದಿ ಸೂಜಿಗಿಂತ ಮೊದಲೇ ಅವನ ಮನೆ ಸೇರಿತ್ತು.

"ರೀ, ಅಣ್ಣ ಫೋನ್ ಮಾಡಿದ್ದ," ಎಂದಳು ಹೆಂಡತಿ ಬಾಗಿಲಲ್ಲೇ. "ಪ್ಯಾಂಟ್ ಹೊಲಿಯೋಕೆ ಕೊಡು ಅಂದ."

ಅವತ್ತು ರಾತ್ರಿಯ ಊಟ ಸೂಜಿಯ ಗಂಟಲಲ್ಲಿ ಇಳಿಯಲಿಲ್ಲ. ನಿಧಾನವಾಗಿ ಕೂಡ.

ಸೇಡಿಗೆ ದಾರಿ ತಾನಾಗಿ ತೆರೆದುಕೊಂಡಿತು. ಜಿಮ್ಮಿನ ಮಾಲೀಕ, ಕೆಳಗಿನ ಟೈರ್ ಅಂಗಡಿಯ ಸಾಹುಕಾರ, ಬೆಳಗಿನ ಗದ್ದಲಕ್ಕೆಂದು ಇನ್ನೊಬ್ಬ ತರಬೇತುದಾರನನ್ನು ತಂದ. ಇಪ್ಪತ್ತೆಂಟರ ಹುಡುಗ; ನಿಂತಲ್ಲಿ ನಿಲ್ಲದೆ ಪುಟಿಯುತ್ತಿದ್ದುದರಿಂದ ಎರಡೇ ದಿನಕ್ಕೆ ಸ್ಪ್ರಿಂಗ್ ಆದ. ಅವನ ಪಾಠ ಸರಿಯಾಗಿ ಉಲ್ಟಾ. ಭಾರವನ್ನು ಚಿಮ್ಮಿಸಿ ಎತ್ತು, ಬೇಗ ಇಳಿಸು, ಮತ್ತೆ ಚಿಮ್ಮಿಸು. "ವೇಗ ಇದ್ರೇನೇ ಹಾರ್ಮೋನು ಎದ್ದು ಕೂರೋದು ಸಾರ್" ಎಂದು ಅವನು ಕೂಗುತ್ತಿದ್ದ. ಮೇಷ್ಟ್ರ ಮೂಲೆಯಲ್ಲಿ ಒಂದು ಪತ್ರಿಕೆಯ ತುಣುಕು ಲ್ಯಾಮಿನೇಟ್ ಆಗಿ ನೇತಾಡುತ್ತಿತ್ತು. ನಿಧಾನವಾಗಿ ಎತ್ತಿ ಇಳಿಸಿದರೆ ಸ್ನಾಯು ಹೆಚ್ಚು ಹೊತ್ತು ದುಡಿಯುತ್ತದೆ, ಬೆಳವಣಿಗೆಯ ಹಾರ್ಮೋನು ಹೆಚ್ಚು ಏರುತ್ತದೆ ಎಂದು ಅದರಲ್ಲಿತ್ತು. ಕೊನೆಯ ಪ್ಯಾರಾ 'ಆದರೆ' ಎಂದು ಶುರುವಾಗುತ್ತಿತ್ತು. ಮೇಷ್ಟ್ರ ಕತ್ತರಿ ಅಲ್ಲಿಗೆ ನಿಂತಿತ್ತು.

"ಅಜ್ಜಾ, ನಿಮ್ಮವ್ರು ಇವತ್ತು ಎತ್ತಿದ್ದು ನಾಳೆ ಇಳಿಸ್ತಾರಾ?" ಎಂದು ಸ್ಪ್ರಿಂಗ್ ಈ ತುದಿಯಿಂದ ಕೇಳುತ್ತಿದ್ದ.

"ನಿನ್ನವ್ರು ಇಳಿಸೋದೇ ಇಲ್ವಲ್ಲಪ್ಪ, ಬೀಳಿಸ್ತಾರೆ. ಕೆಳಗೆ ಟೈರ್ ಅಂಗಡಿ ಇರೋದು ನಿಮ್ಮ ಪುಣ್ಯ," ಎಂದು ಆ ತುದಿಯಿಂದ ಉತ್ತರ ಬರುತ್ತಿತ್ತು.

ಹದಿನೈದು ದಿನದಲ್ಲಿ ಜಿಮ್ ಎರಡು ಪಕ್ಷವಾಯಿತು. ಒಂದೇ ಬೆಂಚಿಗೆ ಎರಡು ಪಕ್ಷದವರೂ ಟವೆಲ್ ಹಾಕಿ ಕಾಲು ಕೆರೆದು ಜಗಳಕ್ಕೆ ನಿಂತರು. ಒಬ್ಬನ ನೀರಿನ ಬಾಟಲಿಯನ್ನು ಇನ್ನೊಬ್ಬ ಕಿಟಕಿಯಿಂದಾಚೆ ಎಸೆದ. ಅದು ಯಾವುದೋ ಗಿರಾಕಿಯ ಕಾರಿನ ಗಾಜಿನ ಮೇಲೆ ಬಿದ್ದಾಗ ಸಾಹುಕಾರ ಕೈಯಲ್ಲಿದ್ದ ಜ್ಯಾಕನ್ನೂ ಬಿಡದೆ ಮಹಡಿ ಹತ್ತಿ ಬಂದ.

"ಇಬ್ರಲ್ಲಿ ಒಬ್ರು ಇರ್ತೀರ, ಒಬ್ರು ಹೋಗ್ತೀರ," ಎಂದ. "ಯಾರು ಅಂತ ನೀವೇ ಹೇಳ್ತೀರೋ, ನಾನೇ ಹೇಳ್ಲೋ?"

ಮೇಷ್ಟ್ರ ಮುಖದಲ್ಲಿ ಏನೂ ಕದಲಲಿಲ್ಲ. ಆದರೆ ಸೂಜಿಗೆ ಗೊತ್ತಿತ್ತು, ಈ ಮಹಡಿಯ ಕೋಣೆ ಬಿಟ್ಟರೆ ಈ ಮನುಷ್ಯನಿಗೆ ಬೇರೆ ಜಗತ್ತಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಏಳು ತಿಂಗಳು ಮನೆಯಲ್ಲಿದ್ದಾಗ ಗೋಡೆ ನೋಡುತ್ತ ಕೂತಿದ್ದರಂತೆ. ಅವರ ಹೆಂಡತಿ ಹೆದರಿ ಸೂಜಿಯ ಹೆಂಡತಿಗೆ ಫೋನ್ ಮಾಡಿ ಅತ್ತಿದ್ದಳು. ಅದೆಲ್ಲ ಗೊತ್ತಿದ್ದೂ ಸೂಜಿ ಮುಂದೆ ಬಂದ. ಮನುಷ್ಯ ಇನ್ನೊಬ್ಬರ ನೋವಿನ ಜಾಗವನ್ನು ಹುಡುಕುವುದು ಯಾವಾಗಲೂ ಮುಲಾಮು ಹಚ್ಚಲಿಕ್ಕೆ ಅಲ್ಲ.

"ಬಾಯಲ್ಲಿ ಯಾಕೆ ಸಾಹುಕಾರ್ರೇ, ರಕ್ತದಲ್ಲೇ ನೋಡೋಣ," ಎಂದ. "ಇವರ ಕಡೆಯಿಂದ ನಾಲ್ಕು ಜನ, ಅವನ ಕಡೆಯಿಂದ ನಾಲ್ಕು ಜನ. ವ್ಯಾಯಾಮಕ್ಕೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ರಕ್ತ ತೆಗೀತೀನಿ. ಯಾರ ಕಡೆ ಹಾರ್ಮೋನು ಏರುತ್ತೋ ಅವ್ರು ಉಳೀಲಿ."

"ಸೋತವ್ರು?"

"ಮೆಟ್ಟಿಲು ಇಳೀಲಿ. ಭಾವನಿಗೆ ಇಳಿಯೋದು ಅಭ್ಯಾಸ ಇದೆಯಲ್ಲ."

ಜಿಮ್ ಘೊಳ್ಳೆಂದಿತು. ಮೇಷ್ಟ್ರು ಸೂಜಿಯ ಮುಖ ನೋಡಿ, "ಆಗ್ಲಿ" ಎಂದರು, ಅಷ್ಟೆ.

ಭಾನುವಾರ ಬೆಳಿಗ್ಗೆ ಸೂಜಿ ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು, ಟ್ಯೂಬುಗಳ ಪೆಟ್ಟಿಗೆ ಹಿಡಿದು ಬಂದ. ಒಂದು ಮೇಜು, ಒಂದು ಕುರ್ಚಿ, ಮೇಲೆ ಗೋಡೆಗಡಿಯಾರ. ನ್ಯಾಯಾಧೀಶನಿಗಿಂತ ಕಡಿಮೆಯಿರಲಿಲ್ಲ ಅವನ ಗತ್ತು. ಆರೂವರೆಗೆ ಖಾಲಿ ಹೊಟ್ಟೆಯಲ್ಲಿ ಎಂಟೂ ಜನರ ಮೊದಲ ರಕ್ತ ತೆಗೆದ. "ಈಗ ಎಲ್ರೂ ಕೇಳಿ," ಎಂದ, "ಇಲ್ಲಿ ಭಾವ ಮೈದುನ ಅಂತ ಇಲ್ಲ. ಎಲ್ರಿಗೂ ಒಂದೇ ನ್ಯಾಯ. ಎಂಟು ಗಂಟೆಗೆ ಸರಿಯಾಗಿ ಎಂಟೂ ತೋಳು ನನ್ನ ಮುಂದಿರ್ಬೇಕು. ಒಂದು ನಿಮಿಷ ಆಚೆ ಈಚೆ ಇಲ್ಲ."

ಇಪ್ಪತ್ತನಾಲ್ಕು ವರ್ಷದ ಅಭ್ಯಾಸ ಅದು. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತ ಎಂದರೆ ಬೆಳಗಿನ ಎಂಟು. ರಕ್ತಕ್ಕೂ ಎಂಟಕ್ಕೂ ಏನೋ ಜನ್ಮಾಂತರದ ನಂಟಿದೆ ಎಂದು ಅವನ ಕೈಗಳು ನಂಬಿಬಿಟ್ಟಿದ್ದವು.

ಏಳಕ್ಕೆ ಹತ್ತು ನಿಮಿಷ ಮುಂಚೆ ಎರಡೂ ಪಕ್ಷ ಶುರುಮಾಡಿದವು. ಮೂರೇ ಬಗೆಯ ವ್ಯಾಯಾಮ, ಒಂದೊಂದರಲ್ಲಿ ನಾಲ್ಕು ಸೆಟ್, ಸೆಟ್ಟಿಗೆ ಹತ್ತು ಸಲ. ಸ್ಪ್ರಿಂಗ್‌ನ ನಾಲ್ವರು ಪಟಪಟನೆ ಎತ್ತಿ ಇಳಿಸಿ, ಏಳೂ ಹತ್ತಕ್ಕೆ ಮುಗಿಸಿ, ಶಿಳ್ಳೆ ಹೊಡೆಯುತ್ತ ಕೆಳಗಿಳಿದರು. ಟೈರುಗಳ ಮೇಲೆ ಕೂತು ಮೊಬೈಲ್ ನೋಡಿದರು, ಹರಟೆ ಹೊಡೆದರು, ಒಬ್ಬ ಗೋಡೆಗೊರಗಿ ಗೊರಕೆಯನ್ನೂ ಹೊಡೆದ. ಮೇಲೆ ಮೇಷ್ಟ್ರ ನಾಲ್ವರು ಇನ್ನೂ ಮೊದಲ ವ್ಯಾಯಾಮದಲ್ಲಿ ನರಳುತ್ತಿದ್ದರು. "ಒಂದೂ... ಎರಡೂ..." ಒಬ್ಬ ಮೂರಕ್ಕೇ ಕೈ ಸಡಿಲಿಸಿದ. "ಮೊದಲಿಂದ," ಎಂದರು ಮೇಷ್ಟ್ರು. ಒಬ್ಬ ತೊಡೆ ನಡುಗಿ ಅಮ್ಮಾ ಎಂದ. "ಅಮ್ಮ ಮನೇಲಿದ್ದಾರೆ. ಮೊದಲಿಂದ." ಕೊನೆಯ ಸೆಟ್ ಮುಗಿದಾಗ ಎಂಟಕ್ಕೆ ಆರು ನಿಮಿಷ. ನಾಲ್ವರೂ ತೆವಳುವುದೊಂದು ಬಾಕಿ ಎಂಬಂತೆ ಮೇಜಿಗೆ ಬಂದರು. ಸ್ಪ್ರಿಂಗ್‌ನ ಕಡೆಯವರು ಕೆಳಗಿನಿಂದ ಆಕಳಿಸುತ್ತ ಬಂದರು. ಎಂಟು ಹೊಡೆಯಿತು. ಸೂಜಿ ನ್ಯಾಯವಾಗಿ ಚುಚ್ಚಿದ.

ವರದಿ ಬಂದಾಗ ಅದನ್ನು ಮೂರು ಸಲ ಓದಿದ. ಮುಂಚಿನ ರಕ್ತದಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆಮೇಲಿನ ರಕ್ತದಲ್ಲಿ ಮೇಷ್ಟ್ರ ನಾಲ್ವರ ಬೆಳವಣಿಗೆಯ ಹಾರ್ಮೋನು ಎಲ್ಲಿಂದೆಲ್ಲಿಗೋ ಏರಿತ್ತು. ಸ್ಪ್ರಿಂಗ್‌ನವರದ್ದು ಹಾಸಿಗೆಯಿಂದ ಎದ್ದಲ್ಲೇ ಕೂತಿತ್ತು.

ತಾನೇ ತೋಡಿದ ಗುಂಡಿಯಲ್ಲಿ ತನ್ನ ಕಣ್ಣೆದುರೇ ಬೇರೆಯವನು ಬೀಳುವುದನ್ನು ನೋಡುವ ಹಿಂಸೆ ಸೂಜಿಯ ಪಾಲಿಗೆ ಬಂತು. ಸಾಹುಕಾರ ಸ್ಪ್ರಿಂಗ್‌ಗೆ ತಿಂಗಳ ಕೊನೆಯವರೆಗೆ ಗಡುವು ಕೊಟ್ಟ. ಮೇಷ್ಟ್ರು ವರದಿಯನ್ನು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಿದರು. ಕೆಳಗೆ ಸೂಜಿಯ ಸಹಿ ಎದ್ದು ಕಾಣುತ್ತಿತ್ತು. ಅದೂ ಸಾಲದೆಂದು ಸಂಜೆ ತಂಗಿಯ ಮನೆಗೆ ಬಂದು, ನಾಲ್ಕು ಎಣಿಸಿ ಕುರ್ಚಿಯಲ್ಲಿ ಇಳಿದು, ಹೇಳಿದರು:

"ಸೂಜಿಯವರು ಜೀವನದಲ್ಲಿ ಒಂದು ಕೆಲಸ ಸರಿಯಾಗಿ ಮಾಡಿದ್ರಮ್ಮ. ನಾನು ಹೇಳಿದ್ದನ್ನ ಬರೆದುಕೊಟ್ರು."

"ಅಣ್ಣ ಹೇಳಿದ್ದೇ ಸರಿಯಾಯ್ತಲ್ಲ ರೀ," ಎಂದಳು ಹೆಂಡತಿ, ಗಾಯಕ್ಕೆ ಉಪ್ಪು ಎಷ್ಟು ಬೇಕೋ ಅಷ್ಟೇ ಹಾಕುವ ಅಡುಗೆಯವಳ ನಿಪುಣತೆಯಿಂದ.

ಮೂರನೆಯ ದಿನ ಡಾಕ್ಟರಮ್ಮ ಜಿಮ್ಮಿನ ಎಂಟು ಜನರ ಪರೀಕ್ಷೆಯ ಅರ್ಜಿಗಳನ್ನು ತಿರುವಿ ಹಾಕುತ್ತ ಅವನನ್ನು ಕರೆದರು. "ಇದರಲ್ಲಿ ವ್ಯಾಯಾಮ ಮುಗಿದ ಸಮಯ ಬರೆದೇ ಇಲ್ವಲ್ರೀ?"

"ಎಲ್ರಿಗೂ ಎಂಟಕ್ಕೇ ತೆಗೆದೆ ಮೇಡಂ. ಒಂದು ನಿಮಿಷ ಆಚೆ ಈಚೆ ಇಲ್ಲ."

"ಮುಗಿದದ್ದು ಯಾವಾಗ ಅಂತ ಕೇಳಿದ್ದು."

"ಅವನ ಕಡೆಯವ್ರು ಏಳೂ ಹತ್ತಕ್ಕೆ. ಭಾವನ ಕಡೆಯವ್ರು..." ಎನ್ನುವಷ್ಟರಲ್ಲಿ ಸೂಜಿಯ ಬಾಯಿ ತೆರೆದಂತೆಯೇ ನಿಂತಿತು.

"ಹ್ಞೂಂ," ಎಂದರು ಡಾಕ್ಟರಮ್ಮ. "ಕಷ್ಟಪಟ್ಟು ಭಾರ ಎತ್ತಿದಾಗ ಆ ಹಾರ್ಮೋನು ಏರುತ್ತೆ, ಒಂದು ಗಂಟೆ ಆಚೀಚೆ ಮತ್ತೆ ಇಳಿದುಹೋಗುತ್ತೆ. ಒಬ್ರದ್ದು ತುದೀಲಿದ್ದಾಗ ತೆಗೆದಿದ್ದೀರಿ, ಇನ್ನೊಬ್ರದ್ದು ಇಳಿದು ಮನೆಗೆ ಹೋದ್ಮೇಲೆ ತೆಗೆದಿದ್ದೀರಿ. ಎಲ್ಲರಿಗೂ ಅವರವರ ಕೊನೆ ಸೆಟ್ಟಿಂದ ಎಣಿಸಿ ತೆಗೀಬೇಕು. ಗೋಡೆ ಗಡಿಯಾರ ನೋಡಿ ಅಲ್ಲ. ಇಪ್ಪತ್ತನಾಲ್ಕು ವರ್ಷ ಅಲ್ವಾ ನಿಮಗಿಲ್ಲಿ?"

ಸೂಜಿ ಅರ್ಜಿಗಳನ್ನು ಒಟ್ಟುಮಾಡಿಕೊಂಡು ಹೊರಬಂದ.

ಸೂಜಿಯ ಮುಂದೆ ಈಗ ಎರಡು ದಾರಿ. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಸ್ಪ್ರಿಂಗ್ ಹೋಗುತ್ತಾನೆ, ಭಾವನ ಆ ಲ್ಯಾಮಿನೇಟ್ ಮಾಡಿದ ನಗು ಸಾಯುವವರೆಗೆ ನೇತಾಡುತ್ತದೆ. ಬಾಯಿ ಬಿಟ್ಟರೆ ಭಾವನ ಗೆಲುವು ಮಣ್ಣುಪಾಲು, ಜೊತೆಗೆ ತನ್ನ ಮಾನವೂ. ಎರಡು ದಿನ ತೂಗಿ ನೋಡಿದ. ಭಾವನನ್ನು ಕೆಡವಲು ತಾನೂ ಬೀಳಬೇಕೆಂದರೆ ಬೀಳುವುದೇ ಲೇಸೆನಿಸಿತು. ಸತ್ಯ ಹೇಳುವವರೆಲ್ಲ ಸತ್ಯದ ಮೇಲಿನ ಪ್ರೀತಿಯಿಂದಲೇ ಹೇಳಬೇಕೆಂದು ಕಾನೂನಿಲ್ಲ.

ಬೆಳಗಿನ ಗದ್ದಲದಲ್ಲಿ, ಎಲ್ಲರೂ ಇದ್ದಾಗಲೇ, ಮಹಡಿ ಹತ್ತಿ ಹೇಳಿದ. "ತಪ್ಪು ನಂದು. ಆದ್ರೆ ಭಾವನ ಗೆಲುವೂ ಗೆಲುವಲ್ಲ."

"ಥೂ ನಿನ್ನ!" ಎಂದ ಸ್ಪ್ರಿಂಗ್. "ನಾನು ಬೇರೆ ಕೆಲಸ ಹುಡುಕೋಕೆ ಶುರುಮಾಡಿದ್ದೆ ಕಣಯ್ಯ!"

"ಬಿಳಿ ಕೋಟು ಬೇರೆ ಹಾಕ್ಕೊಂಡು ಬಂದಿದ್ರಿ," ಎಂದ ಸಾಹುಕಾರ. "ನನ್ನ ಟೈರ್ ಅಂಗಡೀಲಿ ನಟ್ಟು ಬಿಗಿಯೋನಿಗೂ ಇಷ್ಟು ಲೆಕ್ಕ ಗೊತ್ತಾಗುತ್ತಲ್ರೀ." ಸುತ್ತಲೂ ನಗು. ಸೂಜಿ ತಲೆ ತಗ್ಗಿಸಿದ, ಆದರೆ ಕಣ್ಣಂಚಿನಿಂದ ಭಾವನನ್ನೇ ನೋಡುತ್ತಿದ್ದ. ಮೇಷ್ಟ್ರು ಎದ್ದು ಹೋಗಿ ಗೋಡೆಯ ಮೇಲಿನ ವರದಿಯನ್ನು ಬಿಚ್ಚಿದರು, ಧೂಳು ಒರೆಸಿದರು, ಮೇಜಿನ ಮೇಲಿಟ್ಟರು. ಸದ್ದಾಗಲಿಲ್ಲ.

"ಇನ್ನೊಂದ್ಸಲ ತೆಗೀರಿ," ಎಂದರು.

ಎರಡನೆಯ ಭಾನುವಾರ ಡಾಕ್ಟರಮ್ಮನೇ ಬಂದು ಕೂತರು. ಸೆಟ್ಟುಗಳ ನಡುವಿನ ವಿಶ್ರಾಂತಿಯೂ ಇಬ್ಬರಿಗೂ ಒಂದೇ ಅಳತೆ. ಅವರವರ ಕೊನೆಯ ಸೆಟ್ ಮುಗಿದು ಹತ್ತನೆಯ ನಿಮಿಷಕ್ಕೆ ರಕ್ತ. ಸೂಜಿಯ ಕೈಯಲ್ಲಿ ಈ ಸಲ ಸ್ಟಾಪ್‌ವಾಚ್ ಇತ್ತು, ಗತ್ತು ಇರಲಿಲ್ಲ.

ವರದಿಯಲ್ಲಿ ಎರಡೂ ಕಡೆ ಏರಿತ್ತು. ಮೇಷ್ಟ್ರ ಕಡೆ ಒಟ್ಟಿನಲ್ಲಿ ಕೂದಲೆಳೆಯಷ್ಟು ಹೆಚ್ಚು. ಆದರೆ ಎಂಟು ಜನರಲ್ಲಿ ಎಲ್ಲರಿಗಿಂತ ಮೇಲಿದ್ದವನು ಸ್ಪ್ರಿಂಗ್‌ನ ಕಡೆಯವನು, ಹೋದ ಸಲ ಗೊರಕೆ ಹೊಡೆದವನೇ. "ನಾಲ್ಕು ನಾಲ್ಕು ಜನರ ಮೇಲೆ ಏನೂ ಹೇಳೋಕಾಗಲ್ಲ," ಎಂದರು ಡಾಕ್ಟರಮ್ಮ. "ಅಷ್ಟಕ್ಕೂ ಒಂದು ಗಂಟೆ ಏರಿ ಇಳಿಯೋ ಹಾರ್ಮೋನಿಂದ ತೋಳು ದಪ್ಪ ಆಗುತ್ತೆ ಅಂತ ಯಾರು ಹೇಳಿದ್ದು ನಿಮಗೆ? ನಿಧಾನವಾಗೋ ಬೇಗವೋ, ದಿನಾ ಎತ್ತಿ ಸಾಕು." ಇಷ್ಟು ದಿನ ಬಾಟಲಿ ಎಸೆದಾಡಿದವರೆಲ್ಲ ತಮ್ಮ ತಮ್ಮ ಶೂಗಳನ್ನು ನೋಡಿಕೊಂಡರು.

ಸೋತವರು ಯಾರೂ ಇಲ್ಲದ್ದರಿಂದ ಸಾಹುಕಾರನಿಗೆ ಕಳಿಸಲು ಯಾರೂ ಸಿಗಲಿಲ್ಲ. ಅವನು ರಕ್ತ ಬಿಟ್ಟು ಬೆಂಚುಗಳನ್ನು ನೋಡಿದ. ಮೇಷ್ಟ್ರ ಒಬ್ಬ ಶಿಷ್ಯ ಏಳುವಷ್ಟರಲ್ಲಿ ಸ್ಪ್ರಿಂಗ್ ಮೂವರನ್ನು ಬೆವರಿಳಿಸಿ ಮನೆಗೆ ಕಳಿಸುತ್ತಿದ್ದ. "ಬೆಳಿಗ್ಗೆ ಸಾಯಂಕಾಲ ಹುಡುಗ ನೋಡ್ಕೊಳ್ಲಿ," ಎಂದು ತೀರ್ಪು ಕೊಟ್ಟ. "ಮೇಷ್ಟ್ರೇ, ನಿಮಗೆ ಮಧ್ಯಾಹ್ನ ಹನ್ನೆರಡರಿಂದ ಎರಡು. ಎಷ್ಟು ನಿಧಾನ ಬೇಕಾದ್ರೂ ಮಾಡ್ಕೊಳ್ಳಿ, ಆ ಹೊತ್ತಲ್ಲಿ ಯಾರೂ ಬರಲ್ಲ."

ಕೆಲಸ ಉಳಿಯಿತು, ಶಿಷ್ಯರು ಉಳಿಯಲಿಲ್ಲ. ಆಫೀಸು ಬಿಟ್ಟು ಮಧ್ಯಾಹ್ನ ಭಾರ ಎತ್ತಲು ಬರುವವರು ಯಾರು? ಎಂಟು ದಿನ ಮೇಷ್ಟ್ರು ಖಾಲಿ ಕೋಣೆಯಲ್ಲಿ ಪ್ಲೇಟುಗಳನ್ನು ಒರೆಸಿ, ತೂಕದ ಕ್ರಮದಲ್ಲಿ ಜೋಡಿಸಿ, ಮತ್ತೆ ಒರೆಸಿದರು. ತಗಡಿನ ಮಾಡು ಬಿಸಿಲಿಗೆ ಕಾಯುತ್ತಿತ್ತು. ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರ ಉಸ್ಸೆನ್ನುತ್ತಿತ್ತು.

ಈ ಸುದ್ದಿಯನ್ನು ಹೆಂಡತಿಯಿಂದ ಕೇಳಿ ಸೂಜಿ ಮನಸ್ಸಿನಲ್ಲೇ ಮೀಸೆ ತಿರುವಿದ. ಆ ಖುಷಿ ಮರುದಿನ ಡಾಕ್ಟರಮ್ಮನ ಕೋಣೆಯವರೆಗೆ ಮಾತ್ರ ಬಾಳಿತು. ಅವನ ಸಕ್ಕರೆ ಇನ್ನೊಂದು ಮೆಟ್ಟಿಲು ಏರಿತ್ತು. "ಜಗಳ ಆಡೋಕೆ ಜಿಮ್ಮಿಗೆ ಹೋಗಿದ್ರಿ, ವ್ಯಾಯಾಮ ಮಾಡೋಕಲ್ಲ," ಎಂದರು ಅವರು. "ನಾಳೆಯಿಂದ ಹೋಗದಿದ್ರೆ ಮಾತ್ರೆಯಲ್ಲ, ಸೂಜಿಗೇ ಸೂಜಿ ಚುಚ್ತೀನಿ." ಲ್ಯಾಬಿನ ಪಾಳಿ ಆ ವಾರದಿಂದ ಬದಲಾಗಿತ್ತು: ಬೆಳಿಗ್ಗೆ ಆರರಿಂದ ಹನ್ನೆರಡು, ಮತ್ತೆ ಸಂಜೆ ನಾಲ್ಕರಿಂದ ಎಂಟು; ಎಂಟಕ್ಕೆ ಜಿಮ್ಮೂ ಬಾಗಿಲು ಹಾಕುತ್ತಿತ್ತು. ನಡುವೆ ಬಿಡುವಿದ್ದದ್ದು ಮಧ್ಯಾಹ್ನ. ಅವನು ಲೆಕ್ಕ ಹಾಕಿದ, ಮತ್ತೆ ಹಾಕಿದ. ಯಾವ ಕಡೆಯಿಂದ ಹಾಕಿದರೂ ಉತ್ತರ ಭಾವನೇ.

ಮರುದಿನ ಹನ್ನೆರಡೂ ಕಾಲಕ್ಕೆ ಹೊಸ ಪ್ಯಾಂಟು ತೊಟ್ಟು ಮಹಡಿ ಹತ್ತಿದ. ಮೇಷ್ಟ್ರು ಇವನನ್ನು ನೋಡಿದರು. ಬೆಂಚಿಗೆ ಟವೆಲ್ ಹಾಸಿ, ಬರಿಯ ರಾಡನ್ನಷ್ಟೇ ಕೈಗಿಟ್ಟರು.

"ಒಂದೂ..."

ಖಾಲಿ ಕೋಣೆಯಲ್ಲಿ ಆ ದನಿ ಇನ್ನೂ ಉದ್ದವಾಗಿತ್ತು. ಬಿಸಿಲಿಗೆ ಕಣ್ಣಿಗೆಲ್ಲ ಬೆವರು ಇಳಿಯಿತು. ಆರನೆಯ ಸಲಕ್ಕೆ ಸೂಜಿ ಅವಸರಪಟ್ಟ. "ಮೊದಲಿಂದ." ಎಂಟನೆಯದಕ್ಕೆ ಹಲ್ಲು ಕಡಿದ. "ಹಲ್ಲಲ್ಲ, ಕೈ." ಹತ್ತು ಮುಗಿಯುವಷ್ಟರಲ್ಲಿ ಭಾವನನ್ನು ಮನಸ್ಸಿನಲ್ಲಿ ಏಳು ಬಗೆಯಲ್ಲಿ ಕೊಂದಿದ್ದ, ಏಳೂ ನಿಧಾನವಾಗಿ.

ಸೆಟ್ ಮುಗಿಸಿ ಎದ್ದು ಕೂತ. ಏದುಸಿರು ಸ್ವಲ್ಪ ಇಳಿದ ಮೇಲೆ, ಒಂದು ವಾರದಿಂದ ಒಳಗೇ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟ.

"ಭಾವ, ನಿಜ ಹೇಳಿ. ಮೊದಲ್ನೇ ಸಲ ನಾನು ಎಂಟಕ್ಕೇ ಎಲ್ಲರ ರಕ್ತ ತೆಗೀತೀನಿ ಅಂದಾಗ, ನಿಮ್ಮ ಕಡೇದು ಮಾತ್ರ ಏರಿರುತ್ತೆ ಅಂತ ನಿಮಗೆ ಗೊತ್ತಿತ್ತಾ?"

ಮೇಷ್ಟ್ರು ರಾಡಿನ ಮೇಲಿದ್ದ ಅವನ ಬೆವರನ್ನು ಬಟ್ಟೆಯಿಂದ ಈ ತುದಿಯಿಂದ ಆ ತುದಿಯವರೆಗೆ ಒರೆಸಿದರು.

"ಗೊತ್ತಿತ್ತು," ಎಂದರು. "ನಿಮಗೆ ಗೊತ್ತಿಲ್ಲ ಅನ್ನೋದು ಗೊತ್ತಿರ್ಲಿಲ್ಲ."